ಮನೆ ಸರ್ವರ್‌ಗೆ ಡೊಮೇನ್: ಪೋರ್ಟ್ ಫಾರ್ವರ್ಡ್ ಮಾಡಿದರೂ ಹೊರಗಿನಿಂದ ತೆರೆಯುತ್ತಿಲ್ಲ

ನವನಗರ_ಪೈ (ಬಾಗಲಕೋಟೆ)
ನಮಸ್ಕಾರ್ರೀ ಎಲ್ಲರಿಗೂ. ರಾಸ್ಪ್‌ಬೆರಿ ಪೈ 4 (8 ಜಿಬಿ), 1 ಟಿಬಿ ಯುಎಸ್‌ಬಿ ಎಸ್‌ಎಸ್‌ಡಿ, ಡಾಕರ್‌ನಲ್ಲಿ (ಪ್ರೋಗ್ರಾಮ್‌ಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟು ಓಡಿಸುವ ಸಾಫ್ಟ್‌ವೇರ್) ಇಮಿಚ್ ಅನ್ನೋ ಫೋಟೊ ಬ್ಯಾಕಪ್ ಪ್ರೋಗ್ರಾಮ್. ಮನೆ ವೈಫೈಯಲ್ಲಿ ಎಲ್ಲಾ ಸರಿ ಐತಿ. ಒಂದು .ಇನ್ ಡೊಮೇನ್ ತಗೊಂಡು ಎ ರೆಕಾರ್ಡ್ (ಹೆಸರಿಗೆ ಐಪಿ ವಿಳಾಸ ಜೋಡಿಸುವ ನಮೂದು) ಹಾಕೀನಿ, ರೌಟರ್‌ನಲ್ಲಿ 22 (ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್), 80, 443 (ವೆಬ್) ಮೂರೂ ಪೋರ್ಟ್ ಪೈ ಕಡೆ ತಿರುಗಿಸೀನಿ. ಮೊಬೈಲ್ ಡೇಟಾದಿಂದ ತೆರೆದರೆ ಟೈಮ್‌ಔಟ್. ರೌಟರ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಡೆಯ ವಿಳಾಸ) 100.81ರಿಂದ ಶುರುವಾಗುತ್ತದೆ, ಐಪಿ ತೋರಿಸುವ ವೆಬ್‌ಸೈಟ್‌ನಲ್ಲಿ ಬೇರೆಯೇ ಬರುತ್ತದೆ. ಪುಣೆಯ ಅಕ್ಕ, ಮುಧೋಳದ ಅಪ್ಪ-ಅವ್ವ, ಇವರ ಫೋನಿನ ಫೋಟೊ ಇದರಲ್ಲಿ ಬ್ಯಾಕಪ್ ಆಗಬೇಕು. ಸ್ಟ್ಯಾಟಿಕ್ ಐಪಿ (ಬದಲಾಗದ ಸ್ವಂತ ವಿಳಾಸ) ತಗೊಳ್ಳಲೇಬೇಕಾ?

ಟಿಳಕವಾಡಿ_ನೆಟ್ (ಬೆಳಗಾವಿ)
ಎರಡು ಐಪಿ ಬೇರೆ ಬೇರೆ ಬಂದಿವೆ ಅಂದಮೇಲೆ ನೀವು ಸಿಜಿನ್ಯಾಟ್ (ಇಂಟರ್ನೆಟ್ ಕಂಪನಿ ಒಂದೇ ಐಪಿಯನ್ನು ಹಲವು ಮನೆಗಳಿಗೆ ಹಂಚುವ ವ್ಯವಸ್ಥೆ) ಹಿಂದೆ ಇದ್ದೀರಿ. 100.64.0.0ದಿಂದ 100.127.255.255ರವರೆಗಿನ ವಿಳಾಸಗಳನ್ನು 2012ರಲ್ಲಿ ಇದಕ್ಕೆಂದೇ ತೆಗೆದಿಟ್ಟಿದ್ದಾರೆ. ಬಹಳಷ್ಟು ಮನೆಗಳಿಗೆ ಹೊರಗೆ ಕಾಣುವ ಐಪಿ ಒಂದೇ. ಹೊರಗಿನಿಂದ ಬಂದ ಕನೆಕ್ಷನ್ ಇಂಟರ್ನೆಟ್ ಕಂಪನಿಯ ನ್ಯಾಟ್‌ನಲ್ಲೇ ನಿಂತುಬಿಡುತ್ತದೆ. ನಿಮ್ಮ ರೌಟರ್‌ಗೆ ಅದು ತಲುಪುವುದೇ ಇಲ್ಲ, ಹೀಗಾಗಿ ಎ ರೆಕಾರ್ಡ್‌ಗೆ ಯಾವ ಐಪಿ ಹಾಕಿದರೂ ಉಪಯೋಗವಿಲ್ಲ.

ಆ ಮೂರು ಫಾರ್ವರ್ಡ್ ನಿಯಮಗಳನ್ನು ಈಗಲೇ ಅಳಿಸಿರಿ. ಸದ್ಯಕ್ಕೆ ಅವುಗಳಿಂದ ತೊಂದರೆಯಿಲ್ಲ, ಆದರೆ ಯಾವತ್ತೋ ಲೈನ್‌ಗೆ ಪಬ್ಲಿಕ್ ಐಪಿ ಬಂದರೆ 22ನೇ ಪೋರ್ಟ್ ಜಗತ್ತಿಗೇ ತೆರೆದುಕೊಳ್ಳುತ್ತದೆ. ಬಾಟ್‌ಗಳು ಪಾಸ್‌ವರ್ಡ್ ಊಹಿಸಲು ಶುರುಮಾಡಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಹೇಗಿದ್ದರೂ ಎಸ್‌ಎಸ್‌ಎಚ್‌ಗೆ ಇಡಿ25519 ಕೀ (ಪಾಸ್‌ವರ್ಡ್ ಬದಲು ಬಳಸುವ ಕೀ ಫೈಲ್) ಮಾಡಿಕೊಂಡು ಪಾಸ್‌ವರ್ಡ್ ಲಾಗಿನ್, ರೂಟ್ ಲಾಗಿನ್ ಎರಡನ್ನೂ ಬಂದ್ ಮಾಡಿರಿ. ಹಳೆಯ ಟರ್ಮಿನಲ್ ಮುಚ್ಚುವ ಮೊದಲು ಇನ್ನೊಂದರಿಂದ ಕೀ ಹಾಕಿ ಲಾಗಿನ್ ಆಗುತ್ತದೆಯೇ ನೋಡಿಕೊಳ್ಳಿ.

ಐಪಿವಿ6 (ಹೊಸ ಬಗೆಯ ಉದ್ದನೆಯ ಐಪಿ ವಿಳಾಸ) ಸಿಗುತ್ತಿದ್ದರೆ ಅದೂ ಒಂದು ದಾರಿ, ಆದರೆ ನಾನು ಅದನ್ನು ಒಪ್ಪುವುದಿಲ್ಲ. ಅಲ್ಲಿ ನ್ಯಾಟ್ ಇಲ್ಲ, ರೌಟರ್‌ನ ಫೈರ್‌ವಾಲ್ ಸಡಿಲವಿದ್ದರೆ ಪೈ ನೇರವಾಗಿ ಬಯಲಿಗೆ ಬೀಳುತ್ತದೆ. ಲೈನ್ ಕಡಿದು ಮತ್ತೆ ಬಂದಾಗ ಪ್ರಿಫಿಕ್ಸ್ (ವಿಳಾಸದ ಮೊದಲ ಭಾಗ) ಬದಲಾಗಬಹುದು. ಅಕ್ಕನ ಆಫೀಸ್ ವೈಫೈಯಲ್ಲಿ ಐಪಿವಿ6 ಇಲ್ಲದಿದ್ದರೆ ಅವರಿಗೆ ತೆರೆಯುವುದೂ ಇಲ್ಲ.

ಗೋಳಗುಮ್ಮಟ_ಲಿನಕ್ಸ್ (ವಿಜಯಪುರ)
ಮನಿ ಮಂದಿ ನಾಕೈದು ಜನಕ್ಕ ಸ್ಟ್ಯಾಟಿಕ್ ಐಪಿ ಯಾಕ್ ಬೇಕ್ರಿ? ಟೇಲ್‌ಸ್ಕೇಲ್ ಹಾಕ್ರಿ, ಅದು ನಿಮ್ಮ ಸಾಧನಗಳನ್ನಷ್ಟ ಜೋಡಿಸೋ ಖಾಸಗಿ ವಿಪಿಎನ್. ಪೈ ಹೊರಗ ಹೋಗಿ ಕನೆಕ್ಷನ್ ಹಿಡೀತೈತಿ, ಒಳಗ ಬರೋ ಬಾಗಲಾ ಯಾವುದೂ ತೆರಿಯೂದು ಬೇಕಾಗಿಲ್ಲ. ಅದರ ಐಪಿನೂ 100ರಿಂದಾನ ಶುರುವಾಗ್ತೈತಿ, ರೌಟರ್‌ನ ವ್ಯಾನ್ ಐಪಿ ಜೋಡಿ ಗೊಂದಲ ಮಾಡ್ಕೋಬ್ಯಾಡ್ರಿ. ಎರಡು ಮಾತು ನೆನಪಿಟ್ಕೋರಿ. ಸರ್ವರ್‌ನ ಕೀ ಸಾಮಾನ್ಯವಾಗಿ 180 ದಿವಸಕ್ಕ ಮುಗೀತೈತಿ, ಅಡ್ಮಿನ್ ಪುಟದಾಗ ಪೈಗೆ ಕೀ ಎಕ್ಸ್‌ಪೈರಿ ಬಂದ್ ಮಾಡ್ರಿ. ಅಪ್ಪಾರ ಫೋನಿನಾಗ ಬ್ಯಾಟರಿ ಆಪ್ಟಿಮೈಸೇಶನ್ ತಗದು, ವಿಪಿಎನ್ ಯಾವಾಗ್ಲೂ ಆನ್ ಇರೂ ಹಂಗ ಇಡ್ರಿ, ಇಲ್ಲಂದ್ರ ಫೋನ್ ಅದನ್ನ ಹಿಂದಿನಿಂದ ಕೊಂದ್ ಹಾಕ್ತೈತಿ.

ಮುಂದ ವಿಪಿಎಸ್ (ಬಾಡಿಗಿ ಸರ್ವರ್) ತಗೊಂಡು ಸ್ವಂತ ವೈರ್‌ಗಾರ್ಡ್ (ವಿಪಿಎನ್ ಸಾಫ್ಟ್‌ವೇರ್) ಮಾಡೋರಿದ್ರ ಗಡಿಯಾರದ ಬಗ್ಗೆ ಹುಷಾರ್ರಿ. ಪೈ 4ಕ್ಕ ಸ್ವಂತ ಗಡಿಯಾರ ಇಲ್ಲ. ಕರೆಂಟ್ ಹೋಗಿ ಬಂದ್ರ ಡಿಸ್ಕಿನಾಗ ಕೊನಿಗೆ ಬರದಿಟ್ಟ ಟೈಮ್‌ನಿಂದ ಶುರು ಮಾಡ್ತೈತಿ. ವೈರ್‌ಗಾರ್ಡ್ ಹ್ಯಾಂಡ್‌ಶೇಕ್‌ನಾಗ (ಕನೆಕ್ಷನ್ ಶುರುವಿನ ಮೊದಲ ಸಂದೇಶ) ಟೈಮ್ ಇರ್ತೈತಿ, ಹಿಂದ ಬಂದಿದ್ದಕ್ಕಿಂತ ಹಳೇದಿದ್ರ ವಿಪಿಎಸ್ ಸುಮ್ಮನ ಬಿಟ್ಟ ಬಿಡ್ತೈತಿ, ಲಾಗ್‌ನಾಗ ಏನೂ ಕಾಣಂಗಿಲ್ಲ. ಎನ್‌ಟಿಪಿ (ಇಂಟರ್ನೆಟ್‌ನಿಂದ ಟೈಮ್ ತರೋ ವ್ಯವಸ್ಥೆ) ಟೈಮ್ ಸರಿ ಮಾಡಿದ ಕೂಡಲೆ ಹತ್ತತೈತಿ. ಆದ್ರ ಅಲೌಡ್‌ಐಪಿಸ್‌ನಾಗ (ಟನಲ್‌ನಾಗ ಯಾವ ವಿಳಾಸ ಹೋಗಬೇಕನ್ನೋ ಪಟ್ಟಿ) 0.0.0.0/0, ಅಂದ್ರ ಎಲ್ಲಾ ವಿಳಾಸ, ಬರದಿದ್ರ ಎನ್‌ಟಿಪಿನೂ ಅದ ಟನಲ್‌ನಾಗ ಹೋಗಾಕ ನೋಡ್ತೈತಿ, ಅಲ್ಲಿಗೆ ಎರಡೂ ಸಿಕ್ಕೊಂಡ ಕುಂಡ್ರತಾವ. ಅಲ್ಲಿ 10.8.0.0/24ದಂಥಾ ಟನಲ್ ವಿಳಾಸ ಅಷ್ಟ ಬರೀರಿ, ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಇಡ್ರಿ (25 ಸೆಕೆಂಡಿಗೊಮ್ಮೆ ಸಣ್ಣ ಸಂದೇಶ ಕಳಿಸಿ ಕನೆಕ್ಷನ್ ಜೀವಂತ ಇಡೂದು). ಡಿಎಸ್3231 ಗಡಿಯಾರ ಮಾಡ್ಯೂಲ್ ಹಾಕಿದ್ರ ಇನ್ನೂ ಚೊಲೊ.

ನವನಗರ_ಪೈ
ಟೇಲ್‌ಸ್ಕೇಲ್ ಅಕ್ಕನ ಫೋನಿನಲ್ಲಿ ಹತ್ತಿತು, ಬೇಕಾದಷ್ಟಾಯಿತು. ಹಾಗಾದರೆ ತಗೊಂಡ ಡೊಮೇನ್ ವ್ಯರ್ಥವಾ? ಬೀಗರ ಮನೆಯವರಿಗೆ ಮದುವೆ ಆಲ್ಬಮ್ ಲಿಂಕ್ ಕಳಿಸಬೇಕು, ಅವರಿಗೆಲ್ಲ ವಿಪಿಎನ್ ಹಾಕಿಸೋದು ಆಗದ ಮಾತು. ಕ್ಲೌಡ್‌ಫ್ಲೇರ್ ಟನಲ್ (ಕ್ಲೌಡ್‌ಫ್ಲೇರ್ ಕಂಪನಿಯ ಸರ್ವರ್ ಮೂಲಕ ಪೈ ತಲುಪುವ ದಾರಿ) ಹಾಕಿ ನೋಡಿದೆ, ಫೋಟೊ ಹೋಗ್ತಾವ, ದೊಡ್ಡ ವಿಡಿಯೊ ಅಪ್‌ಲೋಡ್ 413 ಎರರ್ ಕೊಡುತ್ತದೆ.

ಟಿಳಕವಾಡಿ_ನೆಟ್
413 (ಕಳಿಸಿದ್ದು ಮಿತಿಗಿಂತ ದೊಡ್ಡದು ಎಂಬ ಎರರ್) ಬರುವುದು ಸಹಜ. ಉಚಿತ ಪ್ಲಾನ್‌ನಲ್ಲಿ ಒಂದು ರಿಕ್ವೆಸ್ಟ್‌ಗೆ 100 ಎಂಬಿ ಮಿತಿ, ಇಮಿಚ್ ಇಡೀ ವಿಡಿಯೊವನ್ನು ಒಂದೇ ರಿಕ್ವೆಸ್ಟ್‌ನಲ್ಲಿ ಕಳಿಸುತ್ತದೆ. ಪೈಯಲ್ಲಿ ಏನು ಬದಲಿಸಿದರೂ ಅದು ಹೋಗದು. ಅಪ್‌ಲೋಡ್ ಎಲ್ಲಾ ಟೇಲ್‌ಸ್ಕೇಲ್‌ನಿಂದ ಆಗಲಿ, ಟನಲ್ ಆಲ್ಬಮ್ ನೋಡುವವರಿಗೆ ಮಾತ್ರ. ಇನ್ನೊಂದು ವಿಷಯ: ಟನಲ್‌ನ ಟಿಎಲ್‌ಎಸ್ (ಎಚ್‌ಟಿಟಿಪಿಎಸ್‌ನ ಗೂಢಲಿಪಿ) ಕ್ಲೌಡ್‌ಫ್ಲೇರ್‌ನಲ್ಲೇ ಬಿಚ್ಚಿಕೊಳ್ಳುತ್ತದೆ, ಅಂದರೆ ನಡುವಿನವರಿಗೆ ಫೋಟೊ ಕಾಣಬಲ್ಲದು. ಮನೆಯವರ ಖಾಸಗಿ ಫೋಟೊ ಆ ದಾರಿಯಲ್ಲಿ ಬೇಡ.

ಡೊಮೇನ್ ಖಂಡಿತ ಕೆಲಸಕ್ಕೆ ಬರುತ್ತದೆ. ಪೈಯ ಟೇಲ್‌ಸ್ಕೇಲ್ ಐಪಿಯನ್ನು ಎ ರೆಕಾರ್ಡ್‌ಗೆ ಹಾಕಿ, ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಅನ್ನು ಡಿಎನ್‌ಎಸ್-01 ವಿಧಾನದಲ್ಲಿ (ಡೊಮೇನ್ ನಿಮ್ಮದೆಂದು ಡಿಎನ್‌ಎಸ್ ನಮೂದಿನಿಂದ ತೋರಿಸುವುದು) ತಗೊಳ್ಳಿ. ಅದಕ್ಕೆ ಒಂದು ಟಿಎಕ್ಸ್‌ಟಿ ರೆಕಾರ್ಡ್ ಸಾಕು, 80ನೇ ಪೋರ್ಟ್ ಬೇಡ. ವೈಲ್ಡ್‌ಕಾರ್ಡ್ (ಎಲ್ಲಾ ಉಪಹೆಸರುಗಳಿಗೂ ಒಂದೇ ಸರ್ಟಿಫಿಕೇಟ್) ತಗೊಂಡರೆ ಒಳ್ಳೆಯದು: ಪ್ರತಿ ಸರ್ಟಿಫಿಕೇಟ್‌ನ ಹೆಸರೂ ಸಾರ್ವಜನಿಕ ಲಾಗ್‌ಗೆ ಸೇರುತ್ತದೆ, ಹುಡುಕುವ ಬಾಟ್‌ಗಳು ಅದನ್ನೇ ಓದುತ್ತವೆ. ಕ್ಯಾಡಿ (ಇಮಿಚ್ ಮುಂದೆ ನಿಲ್ಲಿಸುವ ವೆಬ್ ಸರ್ವರ್) ಬಳಸುವುದಾದರೆ ನಿಮ್ಮ ಡಿಎನ್‌ಎಸ್ ಕಂಪನಿಯ ಮಾಡ್ಯೂಲ್ ಸೇರಿಸಿದ ಬಿಲ್ಡ್ ಬೇಕು, ಸಾಮಾನ್ಯ ಬಿಲ್ಡ್‌ನಲ್ಲಿ ಅದು ಇರುವುದಿಲ್ಲ. ಮೊದಲು ಲೆಟ್ಸ್ ಎನ್‌ಕ್ರಿಪ್ಟ್‌ನ ಸ್ಟೇಜಿಂಗ್ (ಪರೀಕ್ಷೆಯ) ಸರ್ವರ್‌ನಲ್ಲೇ ಪ್ರಯತ್ನಿಸಿ, ಅಸಲಿಯಲ್ಲಿ ಒಂದು ಹೆಸರಿಗೆ ಗಂಟೆಗೆ 5 ಸಲ ತಪ್ಪಿದರೆ ತಡೆ ಬೀಳುತ್ತದೆ. ಪೈಯಲ್ಲಿ ಇಡುವ ಎಪಿಐ ಟೋಕನ್‌ಗೆ (ಕ್ಯಾಡಿ ಆ ಟಿಎಕ್ಸ್‌ಟಿ ನಮೂದು ತಾನೇ ಹಾಕಲು ಬಳಸುವ ಕೀ) ಆ ಒಂದು ಡೊಮೇನ್‌ನ ಡಿಎನ್‌ಎಸ್ ತಿದ್ದುವ ಅಧಿಕಾರ ಸಾಕು, ಇಡೀ ಖಾತೆಯ ಕೀ ಇಡಬೇಡಿ.

ಶಹಾಪುರ_ಡಾಕರ್ (ಬೆಳಗಾವಿ)
ಯುಎಫ್‌ಡಬ್ಲ್ಯು (ಲಿನಕ್ಸ್ ಫೈರ್‌ವಾಲ್) ಆನ್ ಮಾಡಿದ್ದೀನಿ ಅಂತ ನಿಶ್ಚಿಂತೆಯಿಂದ ಇರಬೇಡ್ರಿ ಅಣ್ಣಾರ. ಡಾಕರ್ ತನ್ನ ನಿಯಮಗಳನ್ನು ಐಪಿಟೇಬಲ್ಸ್‌ಗೆ (ಲಿನಕ್ಸ್‌ನ ಮೂಲ ಫೈರ್‌ವಾಲ್ ಪಟ್ಟಿ) ತಾನೇ ಬರೆಯುತ್ತದೆ, ಪ್ರಕಟಿಸಿದ ಪೋರ್ಟ್‌ಗೆ ಯುಎಫ್‌ಡಬ್ಲ್ಯು ತಡೆ ಅನ್ವಯಿಸುವುದಿಲ್ಲ. ಕಂಪೋಸ್ ಫೈಲ್‌ನಲ್ಲಿ (ಡಾಕರ್ ಸೆಟ್ಟಿಂಗ್ ಫೈಲ್) 2283:2283 ಇರುವ ಜಾಗದಲ್ಲಿ 127.0.0.1:2283:2283 (ಪೈ ಒಳಗಿನಿಂದ ಮಾತ್ರ ತೆರೆಯಲಿ) ಅಂತ ಬರೆದು, ಮುಂದಿನ ಕೆಲಸ ಕ್ಯಾಡಿಗೆ ಬಿಡ್ರಿ.

ರಿಜಿಸ್ಟ್ರಾರ್ (ಡೊಮೇನ್ ಮಾರಿದ ಕಂಪನಿ) ಖಾತೆಗೆ ಎರಡು ಹಂತದ ಲಾಗಿನ್, ಟ್ರಾನ್ಸ್‌ಫರ್ ಲಾಕ್, ಆಟೊ ರಿನ್ಯೂ ಮೂರೂ ಇರಲಿ. ಆ ಖಾತೆಯ ಇಮೇಲ್ ಅದೇ ಡೊಮೇನ್‌ನಲ್ಲಿ ಇರಬಾರದು, ಡೊಮೇನ್ ಅವಧಿ ಮುಗಿದರೆ ನೆನಪೋಲೆಯೂ ಬರುವುದಿಲ್ಲ, ಪಾಸ್‌ವರ್ಡ್ ರೀಸೆಟ್ಟೂ ಆಗುವುದಿಲ್ಲ. ಮೊದಲ ವರ್ಷದ ರಿಯಾಯ್ತಿ ದರ ನೋಡಿ ತಗೊಂಡಿದ್ದರೆ ನವೀಕರಣದ ದರ ಎಷ್ಟೆಂದು ಈಗಲೇ ನೋಡಿಟ್ಟುಕೊಳ್ರಿ.

ಗೋಳಗುಮ್ಮಟ_ಲಿನಕ್ಸ್
ಇನ್ನೊಂದ್ ಮಾತು. ರೌಟರ್‌ನ 12 ವೋಲ್ಟ್ ಮಿನಿ ಯುಪಿಎಸ್‌ನ 5 ವೋಲ್ಟ್ ತೂತಿನಿಂದ ಪೈ ನಡಸಬ್ಯಾಡ್ರಿ, ಪೈ 4ಕ್ಕ 3 ಆಂಪಿಯರ್ ಬೇಕು. ಎಸ್‌ಎಸ್‌ಡಿ ಬರಿಯೂ ಹೊತ್ತಿಗೆ ವೋಲ್ಟೇಜ್ ಇಳದ್ರ ಡಿಸ್ಕ್ ಕಡದ್ ಹೋಗ್ತೈತಿ, ಡೇಟಾಬೇಸ್ ಕೆಡ್ತೈತಿ. ‘ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್’ ಓಡಿಸಿ ನೋಡ್ರಿ: 0ಎಕ್ಸ್0 ಬಂದ್ರ ಸರಿ ಐತಿ, 0ಎಕ್ಸ್50000 ಬಂದ್ರ ಶುರುವಾದ ಮ್ಯಾಲೆ ಎಂದೋ ವೋಲ್ಟೇಜ್ ಇಳದೈತಿ. ನಮ್ಮ ಕಡೆ ಏಪ್ರಿಲ್-ಮೇದಾಗ ಖೋಲಿನ 40 ಡಿಗ್ರಿ ಇರ್ತೈತಿ, ಚಿಪ್ 80 ದಾಟಿದ ಮ್ಯಾಲೆ ಪೈ ತಾನ ವೇಗ ಇಳಿಸ್ತೈತಿ. ಮುಚ್ಚಿದ ಪ್ಲಾಸ್ಟಿಕ್ ಡಬ್ಬಿ ತಗದು ಅಲ್ಯುಮಿನಿಯಂ ಕೇಸ್ ಹಾಕ್ರಿ.