ಆಪರೇಷನ್ ಆಗಿ ಮೂರು ದಿನವಾದರೂ ಬಾಯ್ತುಂಬ ಜೊಲ್ಲು, ಯಾಕೆ?

ಮಲೆನಾಡ ಮಗಳು:
ಅಮ್ಮನಿಗೆ 58. ಪಿತ್ತಕೋಶದ ಕಲ್ಲಿಗೆ ಲ್ಯಾಪರೋಸ್ಕೋಪಿ ಆಗಿ ಮೂರು ದಿನ, ಪೂರ್ತಿ ಅನಸ್ತೇಶಿಯಾ ಕೊಟ್ಟಿದ್ದರು. ಐದೈದು ನಿಮಿಷಕ್ಕೆ ಬಾಯಲ್ಲಿ ನೀರು ತುಂಬಿ ಉಗುಳ್ತಿದ್ದಾರೆ. ಗಂಟಲು ನೋವಿದೆ, ಜ್ವರ ಇಲ್ಲ. ನೋವಿಗೆ ಟ್ರಮಡಾಲ್ ಮಾತ್ರೆ ನಡೀತಿದೆ. ಅನಸ್ತೇಶಿಯಾ ಇನ್ನೂ ಇಳಿದಿಲ್ವಾ?

ಅರಿವಳಿಕೆ ವಿಭಾಗ:
ಅದಲ್ಲ. ಅರಿವಳಿಕೆಗೆ ಕೊಡೋ ಕೆಟಮಿನ್, ಕೊನೆಗೆ ಸ್ನಾಯು ಸಡಿಲಿಸೋ ಔಷಧಿಯ ಪರಿಣಾಮ ಇಳಿಸೋಕೆ ಕೊಡೋ ನಿಯೋಸ್ಟಿಗ್ಮಿನ್ ಜೊಲ್ಲು ಹೆಚ್ಚಿಸ್ತವೆ ನಿಜ, ಆದರೆ ಅದೆಲ್ಲ ಕೆಲವು ಗಂಟೆಗಳ ಮಾತು. ನಿಯೋಸ್ಟಿಗ್ಮಿನ್ ಜೊತೆಗೆ ಜೊಲ್ಲು ತಡೆಯೋ ಗ್ಲೈಕೊಪಿರೊಲೇಟನ್ನೂ ಸಾಮಾನ್ಯವಾಗಿ ಕೊಟ್ಟಿರ್ತಾರೆ. ಮೂರನೇ ದಿನಕ್ಕೆ ಅವು ಉಳಿಯಲ್ಲ.

ಮೊದಲು ಒಂದು ವಿಷಯ ನೋಡಿ: ಜೊಲ್ಲು ಜಾಸ್ತಿ ಬರ್ತಿದೆಯೋ, ನುಂಗೋದು ಕಮ್ಮಿಯಾಗಿದೆಯೋ? ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಎಲ್ಲರಿಗೂ ಊರುತ್ತೆ, ಗೊತ್ತಿಲ್ಲದೇ ನುಂಗಿಬಿಡ್ತೀವಿ. ಉಸಿರಿನ ಟ್ಯೂಬ್ ತಾಗಿ ಗಂಟಲು ಕೆರೆದಿದ್ದರೆ ನುಂಗಲು ಹಿಂಜರಿಕೆ, ಆಗ ಅಷ್ಟೂ ಬಾಯಲ್ಲೇ ನಿಲ್ಲುತ್ತೆ. ಇದಾದರೆ ಸಾಮಾನ್ಯವಾಗಿ ಎರಡು ಮೂರು ದಿನಕ್ಕೆ ಇಳಿಯುತ್ತೆ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ಮೂರ್ನಾಲ್ಕು ಸಲ ಬಾಯಿ ಮುಕ್ಕಳಿಸಲಿ.

ಔಷಧಿ ವಿವರ:
ನನಗೆ ಟ್ರಮಡಾಲ್ ಮೇಲೇ ಹೆಚ್ಚು ಅನುಮಾನ. ಅದರಿಂದ ವಾಕರಿಕೆ ತುಂಬ ಸಾಮಾನ್ಯ, ವಾಂತಿಗೆ ಮುಂಚೆ ಬಾಯಲ್ಲಿ ನೀರೂರೋದೂ ಸಹಜ. ಮಾತ್ರೆ ಕೊಟ್ಟ ಸಮಯ, ಜೊಲ್ಲು ಹೆಚ್ಚಾದ ಸಮಯ ಎರಡನ್ನೂ ಒಂದು ದಿನ ಬರೆದಿಡಿ. ಒಂದೆರಡು ಗಂಟೆಯೊಳಗೇ ಏರುತ್ತಿದ್ದರೆ ಸರ್ಜನ್‌ಗೆ ಫೋನ್ ಮಾಡಿ, ಪ್ಯಾರಾಸಿಟಮಾಲ್ ಮಾತ್ರ ಸಾಕಾಗುತ್ತಾ ಅಂತ ಕೇಳಿ. ಆಂಡನ್ಸೆಟ್ರಾನ್ ವಾಕರಿಕೆ ತಡೆಯುತ್ತೆ, ಆದರೆ ಮಲಬದ್ಧತೆ ತರುತ್ತೆ. ಟ್ರಮಡಾಲೂ ಅದನ್ನೇ ಮಾಡುತ್ತೆ, ಎರಡೂ ಸೇರಿದರೆ ಕಷ್ಟ.

ಮಲಗಿದಾಗ ಹೆಚ್ಚು, ಎದೆ ಉರಿ, ಹುಳಿತೇಗು ಇದ್ದರೆ ಅದು ಆಸಿಡ್ ಮೇಲೆ ಬರ್ತಿರೋದು. ತಲೆದಿಂಬು ಒಂದೇ ಸಾಲದು, ಮಂಚದ ತಲೆಭಾಗವನ್ನೇ 15 ಸೆಂ.ಮೀ. ಎತ್ತರಿಸಿ. ಊಟವಾಗಿ ಮೂರು ಗಂಟೆ ಮಲಗಿಸಬೇಡಿ.

ಅಂಗಡಿಯಿಂದ ಜೊಲ್ಲು ಒಣಗಿಸೋ ಮಾತ್ರೆ ಮಾತ್ರ ತರಬೇಡಿ. ಮೂತ್ರ ಕಟ್ಟಬಹುದು, ಕಫ ಗಟ್ಟಿಯಾಗಬಹುದು, ವಯಸ್ಸಾದವರಿಗೆ ಗಲಿಬಿಲಿಯೂ ಆಗಬಹುದು.

ವಾರ್ಡ್ ನರ್ಸ್:
ನೆಟ್ಟಗೆ ಕೂರಿಸಿ ಒಂದು ಚಮಚ ನೀರು ಕೊಟ್ಟು ನೋಡಿ. ಕೆಮ್ಮು ಬಂದರೆ, ನೀರು ಇಳಿಯದಿದ್ದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೊರಡಿ. ಕತ್ತು ಊದಿಕೊಂಡರೆ, ಚರ್ಮ ಒತ್ತಿದಾಗ ಚರಚರ ಅಂದರೆ, ಬಾಯಿ ತೆರೆಯಲಾಗದಿದ್ದರೆ, ಉಸಿರಲ್ಲಿ ಸದ್ದು ಬಂದರೆ ಬೆಳಗಿನವರೆಗೆ ಕಾಯಬೇಡಿ. ಬಾಯಿಯ ಒಂದೇ ಕಡೆಯಿಂದ ಸುರಿದು, ನಗುವಾಗ ಆ ಕಡೆ ಜೋತುಬಿದ್ದರೆ ಪಾರ್ಶ್ವವಾಯು ಇರಬಹುದು, 108ಕ್ಕೆ ಕರೆ ಮಾಡಿ.

ಮಲೆನಾಡ ಮಗಳು:
ನೀರು ಸರಾಗ ಇಳೀತು, ಮುಖ ಸರಿ ಇದೆ. ಮಧ್ಯಾಹ್ನ ಮಾತ್ರೆ ತಗೊಂಡು ಒಂದು ಗಂಟೆಗೆ ಜೋರಾಯ್ತು.

ಔಷಧಿ ವಿವರ:
ಹಾಗಾದರೆ ಮುಂದಿನ ಮಾತ್ರೆಗೆ ಮುಂಚೆಯೇ ಸರ್ಜನ್ ಹತ್ತಿರ ಮಾತಾಡಿ. ಬೇರೆ ಯಾವ ಮಾತ್ರೆ ನಡೀತಿದೆ ಅಂತಲೂ ಹೇಳಿ. ಖಿನ್ನತೆಯ ಮಾತ್ರೆ ಇದ್ದರೆ ಟ್ರಮಡಾಲ್ ಜೊತೆ ಅಪಾಯ ಇದೆ.