ನಾಲ್ಕು ಕೋಳಿ ಸಾಕಿದರೆ ಏನು ಸಿಗುತ್ತದೆ? ಅಕ್ಕನಿಗೆ ಉತ್ತರ

ಅಕ್ಕ, ಹಿತ್ತಲು ಸುಮ್ನೆ ಖಾಲಿ ಬಿದ್ದಿದೆ, ನಾಲ್ಕು ಕೋಳಿ ಸಾಕಲಾ ಅಂತ ನೀನು ಗ್ರೂಪಿನಲ್ಲಿ ಕೇಳಿದ್ದೆ ಅಲ್ವಾ. ಅದಕ್ಕೆ ಭಾವ, ಮೊಟ್ಟೆ ಅಂಗಡಿಯಲ್ಲೇ ಸಿಗುತ್ತದೆ, ವಾಸನೆ ಯಾಕೆ ಮನೆಗೆ ತರಬೇಕು ಅಂದರು. ಎರಡಕ್ಕೂ ಸೇರಿಸಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಕೆಲಸ ಮಾಡ್ತಾ ಕೇಳು.

ಕೋಳಿ ಸಾಕು ಅಂತಲೇ ನಾನು ಹೇಳೋದು. ಆದರೆ ಬರೀ ಮೊಟ್ಟೆಯ ಲೆಕ್ಕ ಹಾಕಿ ಶುರು ಮಾಡಬೇಡ. ಗೂಡು, ಮೇವು ಎಲ್ಲ ಕೂಡಿಸಿದರೆ ನಾಲ್ಕು ಕೋಳಿಯ ಮೊಟ್ಟೆ ಅಂಗಡಿಯದಕ್ಕಿಂತ ಅಗ್ಗ ಬೀಳುತ್ತದೆ ಅನ್ನೋಕೆ ಆಗಲ್ಲ. ನನ್ನ ಪ್ರಕಾರ ದೊಡ್ಡ ಲಾಭ ಇರೋದು ಮಣ್ಣಿನಲ್ಲಿ.

ಒಂದು ದೊಡ್ಡ ಕೋಳಿ ದಿನಕ್ಕೆ 100ರಿಂದ 120 ಗ್ರಾಂ ಮೇವು ತಿನ್ನುತ್ತದೆ. ಅದರ ಜೊತೆಗೆ ತರಕಾರಿ ಸಿಪ್ಪೆ, ಸೊಪ್ಪಿನ ದಂಟು, ಕಳೆ, ಹುಳ, ಗೆದ್ದಲು, ಮಿಡತೆ. ನಾವು ಬಿಸಾಡುವುದರಲ್ಲಿ ಎಷ್ಟೋ ಅದರ ಹೊಟ್ಟೆ ಸೇರಿ ಗೊಬ್ಬರವಾಗಿ ಆಚೆ ಬರುತ್ತದೆ. ಕೋಳಿ ಗೊಬ್ಬರದಲ್ಲಿ ಸಾರಜನಕ, ರಂಜಕ ಎರಡೂ ಸಗಣಿಗಿಂತ ಜಾಸ್ತಿ. ಅದಕ್ಕೇ ಹಸಿಯಾಗಿ ಗಿಡದ ಬುಡಕ್ಕೆ ಹಾಕಲೇಬೇಡ, ಬೇರು ಸುಟ್ಟುಹೋಗುತ್ತದೆ. ಗೂಡಿನ ನೆಲಕ್ಕೆ ಒಣ ಎಲೆ ಇಲ್ಲವೇ ಮರದ ಹೊಟ್ಟು ದಪ್ಪಗೆ ಹರಡಿಬಿಡು. ಆಮೇಲೆ ಒಂದು ಕೋಳಿಯನ್ನೇ ನೋಡ್ತಾ ನಿಲ್ಲು: ಒಂದು ಕಾಲಲ್ಲಿ ಕೆದಕುತ್ತದೆ, ಇನ್ನೊಂದು ಕಾಲಲ್ಲಿ ಕೆದಕುತ್ತದೆ, ಒಂದು ಹೆಜ್ಜೆ ಹಿಂದೆ ಸರಿದು, ಕತ್ತು ಓರೆ ಮಾಡಿ ಒಂದೇ ಕಣ್ಣಲ್ಲಿ ನೆಲ ನೋಡಿ ಟಕ್ ಅಂತ ಕುಕ್ಕುತ್ತದೆ. ಹೀಗೆ ಇಡೀ ದಿನ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಮಾಡ್ತಾನೇ ಇರುತ್ತದೆ. ನೀನು ಆಗಾಗ ಮೇಲೆ ಒಣ ಎಲೆ ಸೇರಿಸಿದರೆ ಸಾಕು. ಎಲೆ, ಹಿಕ್ಕೆ ಬೆರೆತ ಆ ಹಾಸನ್ನು ತೆಗೆದು ಕೆಲವು ತಿಂಗಳು ಗುಂಡಿಯಲ್ಲಿ ಕೊಳೆಯಲು ಬಿಟ್ಟರೆ ಕಪ್ಪಗೆ, ಉದುರು ಉದುರಾಗಿ, ಕಾಡಿನ ಮಣ್ಣಿನ ವಾಸನೆಯ ಗೊಬ್ಬರ ಸಿಗುತ್ತದೆ. ಆ ಗೊಬ್ಬರ ಹಾಕಿದ ಪಾತಿಯ ಗಿಡವನ್ನೂ ಹಾಕದ ಪಾತಿಯದ್ದನ್ನೂ ಭಾವ ಪಕ್ಕಪಕ್ಕದಲ್ಲಿ ನೋಡಲಿ. ಹಾಂ, ಎಳೆ ಸಸಿ ಇರುವ ಪಾತಿಗೆ ಮಾತ್ರ ಬೇಲಿ ಹಾಕು, ಬಿಟ್ಟರೆ ಒಂದೇ ಬೆಳಗ್ಗೆಗೆ ಕೆದಕಿ ಮುಗಿಸುತ್ತವೆ.

ವಾಸನೆ ವಿಷಯ. ಭಾವ ಹೇಳಿದ್ದು ಸುಳ್ಳಲ್ಲ, ಆದರೆ ವಾಸನೆ ಬರೋದು ನೆಲ ಒದ್ದೆಯಾದಾಗ. ಹಿಕ್ಕೆ ನೆನೆದರೆ ಅಮೋನಿಯಾ ಅನ್ನೋ ಘಾಟು ಅನಿಲ ಏಳುತ್ತದೆ. ಗೂಡಿನೊಳಗೆ ಬಗ್ಗಿದಾಗ ಮೂಗು ಚುರ್ ಅಂದರೆ ಹಾಸು ಒದ್ದೆಯಾಗಿದೆ ಅಂತಲೇ ಅರ್ಥ. ಒದ್ದೆ ಇದ್ದದ್ದನ್ನು ತೆಗೆದು ಒಣ ಎಲೆ ಹಾಕು, ನೀರಿನ ಪಾತ್ರೆ ಚೆಲ್ಲದ ಹಾಗೆ ಇಡು, ಗೂಡಿನ ಮೇಲ್ಭಾಗದಲ್ಲಿ ಗಾಳಿ ಆಡಲು ಜಾಗ ಬಿಡು. ನಾಲ್ಕು ಕೋಳಿಗೆ ಇಷ್ಟು ಮಾಡಿದರೆ ಪಕ್ಕದ ಮನೆಯವರಿಗೆ ತೊಂದರೆ ಆಗಲ್ಲ. ಹುಂಜ ಬೇಡವೇ ಬೇಡ. ಮರಿ ಮಾಡಿಸುವ ಆಸೆ ಇಲ್ಲದಿದ್ದರೆ ಅದರ ಅಗತ್ಯವೇ ಇಲ್ಲ, ಹುಂಜ ಇಲ್ಲದೆಯೂ ಕೋಳಿ ಮೊಟ್ಟೆ ಇಡುತ್ತದೆ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ.

ಇನ್ನು ಮೊಟ್ಟೆ. ಹೆಚ್ಚುಕಡಿಮೆ 5ರಿಂದ 6 ತಿಂಗಳಿಗೆ ಶುರು. ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಬೇಕು, ಅದರಲ್ಲಿ ಸುಮಾರು 20 ಗಂಟೆ ಚಿಪ್ಪಿಗೇ ಹೋಗುತ್ತದೆ. ಅದಕ್ಕೇ ಇವತ್ತು ಬೆಳಗ್ಗೆ ಇಟ್ಟ ಕೋಳಿ ನಾಳೆ ಸ್ವಲ್ಪ ತಡವಾಗಿ ಇಡುತ್ತದೆ, ಹೀಗೇ ತಡವಾಗ್ತಾ ಹೋಗಿ ಒಂದು ದಿನ ಬಿಟ್ಟೇಬಿಡುತ್ತದೆ. ಏನೋ ಕಾಯಿಲೆ ಅಂತ ಹೆದರಬೇಡ. ಹಗಲು ಚಿಕ್ಕದಾದಾಗಲೂ ಮೊಟ್ಟೆ ಕಮ್ಮಿ, ಪುಕ್ಕ ಉದುರಿಸುವ ಕಾಲದಲ್ಲಂತೂ ಕೆಲವು ವಾರ ನಿಂತೇ ಹೋಗುತ್ತದೆ. ಒಂದೊಂದು ಚಿಪ್ಪಿಗೂ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು, ಆದ್ದರಿಂದ ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡು, ಬೇಕಾದಷ್ಟು ಅವೇ ತಿನ್ನುತ್ತವೆ. ಸೊಪ್ಪು ಚೆನ್ನಾಗಿ ತಿಂದ ಕೋಳಿಯ ಮೊಟ್ಟೆಯಲ್ಲಿ ಹಳದಿ ಗಾಢವಾಗಿರುತ್ತದೆ. ಚಿಪ್ಪು ಕಂದೋ ಬಿಳಿಯೋ ಅನ್ನೋದು ತಳಿಯ ವಿಷಯ, ಅದರಿಂದ ಪೌಷ್ಟಿಕಾಂಶ ಜಾಸ್ತಿ ಕಮ್ಮಿ ಆಗಲ್ಲ.

ಮಕ್ಕಳು ಇದರಲ್ಲಿ ಏನು ಮಾಡಬಹುದು ಅಂತಲೂ ನೀನು ಕೇಳಿದ್ದೆ. ನೀರು ಬದಲಾಯಿಸೋದು, ಮೊಟ್ಟೆ ತರೋದು ಅವರಿಗೇ ಬಿಡು, ಖುಷಿಯಿಂದ ಮಾಡುತ್ತಾರೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು, ನೋಡೋಕೆ ಆರೋಗ್ಯವಾಗಿರುವ ಕೋಳಿಯಲ್ಲೂ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಇದರಲ್ಲಿ ಮಾತ್ರ ರಿಯಾಯಿತಿ ಕೊಡಬೇಡ.

ರಾತ್ರಿ ಕಾಳಜಿ ನೀನೇ ತಗೊಳ್ಳಬೇಕು. ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣಲ್ಲ, ಸಂಜೆ ಆಗುತ್ತಿದ್ದಂತೆ ತಾವೇ ಗೂಡಿಗೆ ಬಂದು ಅಡ್ಡಕೋಲಿನ ಮೇಲೆ ಸಾಲಾಗಿ ಕೂರುತ್ತವೆ. ಬಾಗಿಲು ಹಾಕೋದನ್ನು ಒಂದು ದಿನವೂ ಮರೆಯಬೇಡ. ತೆಳು ತಂತಿಯ ಆರುಮೂಲೆ ಜಾಲರಿ ಕೋಳಿಯನ್ನು ಒಳಗಿಡುತ್ತದೆ ಅಷ್ಟೇ, ನಾಯಿ ಅದನ್ನು ಹರಿದುಹಾಕುತ್ತದೆ. ಅರ್ಧ ಇಂಚು ಕಣ್ಣಿನ ಗಟ್ಟಿ ವೆಲ್ಡ್ ಜಾಲರಿಯೇ ಬೇಕು. ಕೋಳಿಗಳಲ್ಲಿ ಬೇಗ ಹರಡಿ ಸಾಯಿಸುವ ರಾಣಿಖೇತ ರೋಗದ ಲಸಿಕೆ ಆಗಿರುವ ಕೋಳಿಯನ್ನೇ ತಗೋ, ಮುಂದಿನ ಲಸಿಕೆ ಯಾವಾಗ ಅಂತ ಪಶುವೈದ್ಯರನ್ನು ಕೇಳು. ಒಂಟಿ ಕೋಳಿ ಮಾತ್ರ ಸಾಕಬೇಡ, ಅದು ಗುಂಪಿನ ಜೀವ, ಕನಿಷ್ಠ 3 ಇರಲಿ.

ಇನ್ನೊಂದು ಮಾತು ಇಬ್ಬರೂ ಕೂತು ಮೊದಲೇ ಆಡಿಕೊಳ್ಳಿ. ಚೆನ್ನಾಗಿ ಮೊಟ್ಟೆ ಇಡೋದು ಮೊದಲ 2-3 ವರ್ಷ. ಕೋಳಿ 5ರಿಂದ 8 ವರ್ಷ ಬದುಕುತ್ತದೆ. ಮೊಟ್ಟೆ ನಿಂತ ಮೇಲೂ ಅದು ಕೆದಕುತ್ತದೆ, ಹುಳ ತಿನ್ನುತ್ತದೆ, ಗೊಬ್ಬರ ಕೊಡುತ್ತದೆ. ನಾನಾದರೆ ಇಟ್ಟುಕೊಳ್ಳುತ್ತೇನೆ. ನೀವು ಏನು ಮಾಡುತ್ತೀರಿ ಅನ್ನೋದನ್ನು ಮಕ್ಕಳು ಹೆಸರಿಡುವ ಮುಂಚೆಯೇ ತೀರ್ಮಾನ ಮಾಡಿ.

ಗೂಡು ಮೊದಲು, ಕೋಳಿ ಆಮೇಲೆ. ಹಿತ್ತಲಿನ ಫೋಟೋ ಹಾಕು, ಮಧ್ಯಾಹ್ನ ನೆರಳು ಎಲ್ಲಿ ಬೀಳುತ್ತದೆ, ಮಳೆ ನೀರು ಎಲ್ಲಿ ನಿಲ್ಲುತ್ತದೆ ಅಂತಲೂ ಹೇಳು. ಗೂಡು ಯಾವ ಕಡೆ ಇಡಬೇಕು ಅಂತ ನೋಡಿ ಹೇಳುತ್ತೇನೆ.