ಸ್ವತಂತ್ರ ಸಂಗೀತವನ್ನು ಹುಡುಕುವುದು, ವಿಮರ್ಶಿಸುವುದು ಹೇಗೆ?

ಪ್ರಶ್ನೆ:
ಸಿನಿಮಾ ಹಾಡುಗಳಾಚೆಗಿನ ಸ್ವತಂತ್ರ ಗಾಯಕರು ಮತ್ತು ತಂಡಗಳ ಬಗ್ಗೆ ಹವ್ಯಾಸಕ್ಕಾಗಿ ಬರೆಯಬೇಕೆಂದಿದ್ದೇನೆ. ರಘು ದೀಕ್ಷಿತ್, ಸ್ವರಾತ್ಮ ಮುಂತಾದ ಹೆಸರುಗಳು ಬಹುತೇಕರಿಗೆ ಗೊತ್ತು. ಅಷ್ಟು ಪ್ರಚಾರ ಸಿಗದವರನ್ನು ಹುಡುಕುವುದು ಹೇಗೆ, ಸಂಗೀತಶಾಸ್ತ್ರ ಕಲಿಯದವರು ವಿಮರ್ಶೆ ಬರೆಯಬಹುದೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಸ್ಟ್ರೀಮಿಂಗ್ ಆ್ಯಪ್‌ಗಳ ಶಿಫಾರಸನ್ನಷ್ಟೇ ನಂಬಿದರೆ, ನೀವು ಈಗಾಗಲೇ ಕೇಳಿರುವುದನ್ನು ಹೋಲುವಂಥದ್ದೇ ಮತ್ತೆ ಮತ್ತೆ ಎದುರಾಗುತ್ತದೆ. ಕಲಾವಿದರು ತಮ್ಮ ಸಂಗೀತವನ್ನು ಕೇಳುಗರಿಗೆ ನೇರವಾಗಿ ಮಾರುವ ಜಾಲತಾಣವಾದ ಬ್ಯಾಂಡ್‌ಕ್ಯಾಂಪ್‌ನಲ್ಲಿ ಅವರು ತಮ್ಮ ಆಲ್ಬಮ್‌ಗಳಿಗೆ ಪ್ರಕಾರದ ಜೊತೆಗೆ ಊರಿನ ಹೆಸರನ್ನೂ ಟ್ಯಾಗ್ ಮಾಡುವುದರಿಂದ, ಬೆಂಗಳೂರು ಎಂದು ಹುಡುಕಿದರೆ ಮೆಟಲ್‌ನಿಂದ ಎಲೆಕ್ಟ್ರಾನಿಕ್‌ವರೆಗೆ ಹಲವು ತಂಡಗಳು ಸಿಗುತ್ತವೆ. ಇದಕ್ಕಿಂತ ಒಳ್ಳೆಯ ದಾರಿಯೆಂದರೆ, ನಿಮಗೆ ಹಿಡಿಸಿದ ಆಲ್ಬಮ್ಮಿನ ಪುಟದಲ್ಲಿ ಕಾಣುವ, ಅದನ್ನು ಕೊಂಡ ಕೇಳುಗರ ಚಿತ್ರಗಳನ್ನು ಒತ್ತಿ, ಅವರು ಇನ್ನೇನನ್ನು ಸಂಗ್ರಹಿಸಿದ್ದಾರೆ ಎಂದು ನೋಡುವುದು. ನುಡಿಸಿದವರ, ಮಿಕ್ಸಿಂಗ್ ಮಾಡಿದವರ ಹೆಸರುಗಳನ್ನೂ ಗಮನಿಸಿ. ಒಬ್ಬನೇ ಡ್ರಮ್ಮರ್ ಹಲವು ತಂಡಗಳಲ್ಲಿರುವುದು ಅಪರೂಪವೇನಲ್ಲ.

ಉತ್ತರ 2:
ಶಾಸ್ತ್ರ ತಿಳಿಯದಿದ್ದರೆ ಅಡ್ಡಿಯಿಲ್ಲ, ಆದರೆ ಕೇಳಿದ್ದನ್ನು ನಿಖರವಾಗಿ ಹೇಳಬೇಕು. ‘ಅದ್ಭುತ’ ಎನ್ನುವ ಬದಲು ಕೊಳಲು ಎಲ್ಲಿ ಪ್ರವೇಶಿಸುತ್ತದೆ, ಬೇಸ್ ಗಿಟಾರಿನ ಅಬ್ಬರದಲ್ಲಿ ಸಾಹಿತ್ಯ ಮುಚ್ಚಿಹೋಗಿದೆಯೇ, ವಚನವನ್ನೋ ತತ್ವಪದವನ್ನೋ ರಾಕ್ ಲಯಕ್ಕೆ ಕೂರಿಸುವಾಗ ಪದಗಳು ಎಲ್ಲಿ ಒಡೆದಿವೆ ಎಂದು ಬರೆಯಿರಿ. ಕಲಾವಿದರು ಪರಿಚಿತರಾಗಿದ್ದರೆ ಅದನ್ನು ಮೊದಲೇ ತಿಳಿಸುವುದು ಸೂಕ್ತ. ಅಂಕ ಕೊಡುವ ಪದ್ಧತಿ ಮಾತ್ರ ನನಗೆ ಸೇರದು.

ಉತ್ತರ 3:
ಸಾಧ್ಯವಾದರೆ ಹಣ ಕೊಟ್ಟು ಕೊಳ್ಳಿ. ಡಿಜಿಟಲ್ ಮಾರಾಟದಲ್ಲಿ ಬ್ಯಾಂಡ್‌ಕ್ಯಾಂಪ್ ಸಾಮಾನ್ಯವಾಗಿ ಶೇ. 15ರಷ್ಟು ಪಾಲು ಪಡೆಯುತ್ತದೆ. 2020ರ ಮಾರ್ಚ್‌ನಲ್ಲಿ, ಕೋವಿಡ್ ಕಾಲದಲ್ಲಿ ಆರಂಭವಾದ ‘ಬ್ಯಾಂಡ್‌ಕ್ಯಾಂಪ್ ಫ್ರೈಡೇ’ ದಿನಗಳಂದು ಅದನ್ನೂ ಬಿಟ್ಟುಕೊಡುತ್ತದೆ.